ಕಂಪ್ಯೂಟರ್ ಬದಲಾಯಿಸ್ತೀರಾ? ಹಳೇ ಡಬ್ಬಿಯ ರ‍್ಯಾಮ್ ಬಿಟ್ಟುಕೊಡಬೇಡಿ

ತಿಪಟೂರು: ಜೆರಾಕ್ಸ್ ಅಂಗಡಿ ಇರಲಿ, ಕೊಬ್ಬರಿ ಮಂಡಿ ಇರಲಿ, ಫೋಟೊ ಸ್ಟುಡಿಯೊ ಇರಲಿ, ಕಂಪ್ಯೂಟರ್ ಇಲ್ಲದೆ ಈಗ ವ್ಯಾಪಾರ ನಡೆಯೋದಿಲ್ಲ. ಆ ಕಂಪ್ಯೂಟರ್ ಬದಲಾಯಿಸಬೇಕಾದ ಒತ್ತಡ ಮತ್ತು ಬಿಡಿಭಾಗಗಳ ಬೆಲೆ ಏರಿಕೆ ಎರಡೂ ಒಟ್ಟಿಗೇ ಬಂದಿವೆ. ಇಂಥ ಹೊತ್ತಲ್ಲಿ 'ಹಳೇದು ಕೊಡಿ, ಹೊಸದು ತಗೊಳ್ಳಿ' ಅನ್ನೋ ಎಕ್ಸ್‌ಚೇಂಜ್ ಮಾತಿಗೆ ಒಪ್ಪುವ ಮುಂಚೆ ಸ್ವಲ್ಪ ನಿಲ್ಲಿ.

ಒತ್ತಡ ಯಾಕೆ ಬಂತು?

ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ಕಂಪ್ಯೂಟರ್ ಓಡುತ್ತೆ, ಆದರೆ ಭದ್ರತೆಯ ಅಪ್‌ಡೇಟ್ ಮಾಮೂಲಿಯಾಗಿ ಬರೋದಿಲ್ಲ. ವಿಂಡೋಸ್ 11 ಹಾಕೋಣ ಅಂದರೆ ಇಂಟೆಲ್‌ನಲ್ಲಿ 8ನೇ ಪೀಳಿಗೆ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು. ನಮ್ಮ ಅಂಗಡಿಗಳಲ್ಲಿರೋ 3ನೇ, 4ನೇ, 6ನೇ ಪೀಳಿಗೆಯ ಡಬ್ಬಿಗಳು ಆ ಪಟ್ಟಿಯಲ್ಲಿಲ್ಲ.

ಇತ್ತ ರ‍್ಯಾಮ್ ಬೆಲೆ 2025ರ ಕೊನೆಯ ತಿಂಗಳುಗಳಲ್ಲಿ ಏರತೊಡಗಿ, ಹಲವು ಮಾದರಿಗಳಿಗೆ ಎರಡು ಪಟ್ಟು ದಾಟಿತು. ಜಗತ್ತಿನ ಬಹುಪಾಲು ರ‍್ಯಾಮ್ ಚಿಪ್ ಮಾಡೋದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಈ ಮೂರೇ ಕಂಪನಿಗಳು. ಎಐ ಡೇಟಾ ಸೆಂಟರ್‌ಗಳು ಹೆಚ್ಚು ದುಡ್ಡು ಕೊಡೋದರಿಂದ ಇವರ ಗಮನವೆಲ್ಲ ಆ ಕಡೆಗಿದೆ. ಹಳೇ ಡಿಡಿಆರ್4 ತಯಾರಿಕೆಯನ್ನೂ ಇಳಿಸುತ್ತಾ ಬಂದಿದ್ದಾರೆ. ಮೈಕ್ರಾನ್ ಅಂತೂ 2025ರ ಡಿಸೆಂಬರ್ 3ರಂದು, ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ 'ಕ್ರೂಷಿಯಲ್' ವ್ಯವಹಾರದಿಂದಲೇ ಹೊರಬರುವುದಾಗಿ ಘೋಷಿಸಿತು.

ಗುಜರಾತಿನ ಸಾನಂದ್‌ನಲ್ಲಿ ಮೈಕ್ರಾನ್ ಘಟಕ ಇದೆಯಲ್ಲ ಅಂತ ಕೇಳಬಹುದು. ಅಲ್ಲಿ ನಡೆಯೋದು ಚಿಪ್‌ಗಳ ಜೋಡಣೆ ಮತ್ತು ಪರೀಕ್ಷೆ. ಹೊಸ ಚಿಪ್ ಕಾರ್ಖಾನೆ ಎದ್ದು ಉತ್ಪಾದನೆ ಶುರುವಾಗೋಕೆ ವರ್ಷಗಳೇ ಬೇಕು. ಹಾಗಾಗಿ ಅಂಗಡಿಯವರು 'ಈ ಕೊಟೇಶನ್ ಇವತ್ತಿಗೆ ಮಾತ್ರ' ಅಂದರೆ ಅದು ಮೋಸ ಅಂದ್ಕೋಬೇಡಿ. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಮಾಲು ತರಿಸೋ ಅವರಿಗೂ ನಾಳೆಯ ರೇಟು ಗೊತ್ತಿರೋದಿಲ್ಲ.

ಹಳೇ ಡಬ್ಬಿಯಲ್ಲಿ ಏನಿದೆ?

ಎಕ್ಸ್‌ಚೇಂಜ್‌ನಲ್ಲಿ ಹಳೇ ಡಬ್ಬಿಗೆ ಸಿಗೋದು ಅಲ್ಪ ಹಣ. ಆದರೆ ಅದರೊಳಗೆ ಡಿಡಿಆರ್4 ರ‍್ಯಾಮ್ ಇದ್ದರೆ ಹೊಸ ಮದರ್‌ಬೋರ್ಡಿಗೂ ಅದನ್ನೇ ಹಾಕಬಹುದು. ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ವಿಭಾಗದಲ್ಲಿ ಸ್ಪೀಡ್ ನೋಡಿ. 2133, 2400, 2666, 3200 ಇದ್ದರೆ ಡಿಡಿಆರ್4. 1333 ಅಥವಾ 1600 ಇದ್ದರೆ ಡಿಡಿಆರ್3, ಅದು ಹೊಸ ಬೋರ್ಡಿಗೆ ಕೂರೋದಿಲ್ಲ. ತೀರಾ ಚಿಕ್ಕ ಡಬ್ಬಿಯ ಕಂಪ್ಯೂಟರ್‌ಗಳಲ್ಲಿ ಲ್ಯಾಪ್‌ಟಾಪ್ ರ‍್ಯಾಮ್ ಇರುತ್ತೆ, ಅದೂ ಆಗೋದಿಲ್ಲ.

ರ‍್ಯಾಮ್ ಡಿಡಿಆರ್4 ಆಗಿದ್ದರೆ ಪ್ರೊಸೆಸರ್, ಮದರ್‌ಬೋರ್ಡ್ ಎರಡೇ ಬದಲಾಯಿಸಿ ಕೆಲಸ ಮುಗಿಸಬಹುದು. ಮಾನಿಟರ್, ಕೀಬೋರ್ಡ್, ಎಸ್‌ಎಸ್‌ಡಿ, ಕ್ಯಾಬಿನೆಟ್ ಅದೇ ಇರಲಿ. ಬ್ರ್ಯಾಂಡೆಡ್ ಕಂಪ್ಯೂಟರ್ ಆದರೆ ಕ್ಯಾಬಿನೆಟ್, ಎಸ್‌ಎಂಪಿಎಸ್ ಹೊಂದುತ್ತಾ ಅಂತ ತೋರಿಸಿ ಕೇಳಿ.

ಯಾವ ಪ್ರೊಸೆಸರ್, ಯಾವ ಬೋರ್ಡ್?

ಬಿಲ್ಲಿಂಗ್, ಆನ್‌ಲೈನ್ ಅರ್ಜಿ, ಡಿಟಿಪಿ ಕೆಲಸಕ್ಕೆ ಇಂಟೆಲ್ ಐ3-12100 ಜೊತೆ ಎಚ್610 ಬೋರ್ಡ್ ಸಾಕು. ಎಚ್610ನಲ್ಲಿ ಡಿಡಿಆರ್4 ಬೋರ್ಡ್ ಬೇರೆ, ಡಿಡಿಆರ್5 ಬೋರ್ಡ್ ಬೇರೆ. ಡಿಡಿಆರ್4ನದೇ ಬೇಕು ಅಂತ ಬಾಯಿಬಿಟ್ಟು ಹೇಳಿ. ಫೋಟೊ, ವಿಡಿಯೊ ಕೆಲಸ ಇದ್ದವರು ಎಎಂಡಿ ರೈಜೆನ್ 5 5600ಜಿ ಮತ್ತು ಎ520 ಬೋರ್ಡ್ ನೋಡಬಹುದು. ಇದರಲ್ಲಿ ಆರು ಕೋರ್ ಇವೆ, ಇದೂ ಡಿಡಿಆರ್4ನಲ್ಲೇ ಓಡುತ್ತೆ.

ಇವೆರಡಕ್ಕೂ ಗ್ರಾಫಿಕ್ಸ್ ಕಾರ್ಡ್ ಬೇಡ. ಆದರೆ 12100ರ ಪಕ್ಕ 'ಎಫ್' ಅಕ್ಷರ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಸ್ವಲ್ಪ ಅಗ್ಗ ಅಂತ ತಂದರೆ ಕಾರ್ಡಿಗೆ ಮತ್ತೆ ಖರ್ಚು.

ರ‍್ಯಾಮ್ ಹೊಸದಾಗೇ ಕೊಳ್ಳಬೇಕಾದರೆ 8 ಜಿಬಿಯ ಒಂದೇ ಕಡ್ಡಿ ತಗೊಳ್ಳಿ. ಬೋರ್ಡಿನಲ್ಲಿ ಇನ್ನೊಂದು ಸ್ಲಾಟ್ ಖಾಲಿ ಇರಲಿ, ಬೆಲೆ ಇಳಿದಾಗ ಸೇರಿಸಬಹುದು.

ಇಲ್ಲಿ ಮಾತ್ರ ಚೌಕಾಸಿ ಬೇಡ

ಉಳಿತಾಯ ಅಂತ ಹೆಸರಿಲ್ಲದ ಎಸ್‌ಎಂಪಿಎಸ್ ಹಾಕಿಸಬೇಡಿ. ನಮ್ಮಲ್ಲಿ ಕರೆಂಟು ಹೋಗಿ ಬರೋದು, ವೋಲ್ಟೇಜ್ ಏರಿಳಿಯೋದು ಮಾಮೂಲು. ಎಸ್‌ಎಂಪಿಎಸ್ ಸುಟ್ಟರೆ ಅದರ ಜೊತೆ ಬೋರ್ಡು, ರ‍್ಯಾಮು ಕೂಡ ಹೋಗಬಹುದು. ಯುಪಿಎಸ್, ಸರಿಯಾದ ಅರ್ಥಿಂಗ್ ಎರಡೂ ಇರಲಿ.

ಇನ್ನೊಂದು ಎಚ್ಚರಿಕೆ. 'ಐ5 ಕಂಪ್ಯೂಟರ್, ಭಾರಿ ಅಗ್ಗ' ಅಂದರೆ ಎಷ್ಟನೇ ಪೀಳಿಗೆ ಅಂತ ಕೇಳಿ. ಹತ್ತು ವರ್ಷದ ಹಿಂದಿನ ಐ5ಗಿಂತ 12100ರಂಥ ಐ3 ಎಷ್ಟೋ ವೇಗ. ಹಳೇ ಐ5 ಹೊಸ ಕ್ಯಾಬಿನೆಟ್‌ನಲ್ಲಿದ್ದ ಮಾತ್ರಕ್ಕೆ ವಿಂಡೋಸ್ 11ರ ಪಟ್ಟಿಗೆ ಸೇರೋದಿಲ್ಲ.

ಬಿಲ್ ಇಲ್ಲದೆ ಕೊಳ್ಳಬೇಡಿ. ಕಂಪ್ಯೂಟರ್ ಭಾಗಗಳಿಗೆ 18% ಜಿಎಸ್‌ಟಿ ಇದೆ. ಸಾಮಾನ್ಯ ಜಿಎಸ್‌ಟಿ ನೋಂದಣಿ ಇರೋ ವ್ಯಾಪಾರಿಗಳು ಅಂಗಡಿ ಹೆಸರಿಗೆ ಬಿಲ್ ಹಾಕಿಸಿದರೆ ವ್ಯಾಪಾರಕ್ಕೆ ಬಳಸುವ ಕಂಪ್ಯೂಟರಿನ ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಕಾಂಪೊಸಿಷನ್‌ನಲ್ಲಿದ್ದವರಿಗೆ ಇದಿಲ್ಲ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಇದ್ದರೆ ವಾರಂಟಿಗೂ ಅನುಕೂಲ. ಬೋರ್ಡ್ ಬದಲಾದಾಗ ಹಳೇ ವಿಂಡೋಸ್ ಲೈಸೆನ್ಸ್ ಬಹುತೇಕ ಜೊತೆಗೆ ಬರೋದಿಲ್ಲ, ಆ ಖರ್ಚನ್ನೂ ಮೊದಲೇ ಕೇಳಿಕೊಳ್ಳಿ.

ಈಗಲೇ ದುಡ್ಡಿಲ್ಲವೇ?

ಗಾಬರಿ ಬೇಡ. ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಉಚಿತವಾಗಿ ಸಿಗುತ್ತೆ. ಅಪ್‌ಡೇಟ್ ಪುಟದಲ್ಲೇ ಇದಕ್ಕೆ ನೋಂದಣಿ ಇದೆ. ಅಲ್ಲಿವರೆಗೆ ದುಡ್ಡು ಹೊಂದಿಸಿಕೊಳ್ಳಬಹುದು.

ಡಬ್ಬಿ ಬಿಚ್ಚಿಸೋ ದಿನ ಲೆಕ್ಕದ ಫೈಲ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಹಳೇ ರ‍್ಯಾಮ್ ಎಲ್ಲಿ ಅಂತ ಕೇಳಿಯೇ ಎದ್ದು ಬನ್ನಿ.