ಚಿರತೆಯ ಹೊತ್ತಿಗೆ ಬರುವ ಕರೆಂಟು

ತಿಪಟೂರಿನಿಂದ ತುರುವೇಕೆರೆಗೋ ಚಿಕ್ಕನಾಯಕನಹಳ್ಳಿಗೋ ಹಗಲಿನಲ್ಲಿ ಪಯಣಿಸುವವನಿಗೆ ತೆಂಗಿನ ಸಾಲು, ಕೆರೆಯ ಏರಿ, ದೂರದ ಕುರುಚಲು ಗುಡ್ಡಗಳು ಕಾಣುವುವೇ ಹೊರತು, ಆ ತೋಟಗಳಿಗೆ ಇರುಳಿನ ಸಂಚಾರಿಯೊಂದು ಉಂಟೆಂಬುದು ಗೋಚರಿಸದು; ಅದನ್ನರಿಯಬೇಕಾದರೆ ಬೆಳಗಿನ ಜಾವ, ನೀರು ಹಾಯಿಸಿದ ಪಾತಿಯ ಕೆಸರಿನಲ್ಲಿ ಮೂಡಿದ ದುಂಡನೆಯ ಹೆಜ್ಜೆಯನ್ನು ನೋಡಬೇಕು. ನಾಯಿಯ ಹೆಜ್ಜೆಯಲ್ಲಿ ಉಗುರಿನ ಗುರುತಿರುವುದು. ಚಿರತೆಯಾದರೋ ನಡೆಯುವಾಗ ನಖಗಳನ್ನು ಒಳಗೆಳೆದುಕೊಂಡು, ಅವುಗಳ ಮೊನೆಯನ್ನು ಬೇಟೆಗೂ ಮರವೇರುವುದಕ್ಕೂ ಕಾದಿರಿಸುವುದು.

ಅದರ ಹೊಂಬಣ್ಣದ ಮೈಮೇಲೆ, ನಡುವೆ ಬರಿದಾದ ಹೂಗಳಂತೆ ಗುಂಪುಗೂಡಿರುವ ಕಪ್ಪು ಚುಕ್ಕೆಗಳ ವಿನ್ಯಾಸವು ನಮ್ಮ ಹೆಬ್ಬೆಟ್ಟಿನ ಗುರುತಿನಂತೆ ಒಂದಕ್ಕಿದ್ದುದು ಮತ್ತೊಂದಕ್ಕಿಲ್ಲ. ಸಂಜಯ್ ಗುಬ್ಬಿಯವರಂಥ ವಿಜ್ಞಾನಿಗಳು ಕ್ಯಾಮೆರಾ ಕಟ್ಟಿ ಚಿರತೆಗಳನ್ನು ಎಣಿಸುವುದು ಇದರ ಆಧಾರದಿಂದಲೇ. ಬೆಳುದಿಂಗಳು ಸೋಗೆಯ ಸಂದಿನಿಂದ ಸೋರಿ ನೆಲದಲ್ಲಿ ಚೆಲ್ಲಿರುವಾಗ ಹತ್ತು ಮಾರು ದೂರದಲ್ಲಿ ಕುಳಿತರೂ ಅದು ಕಾಣದು. ಕೂಗಿದರೆ ಮಾತ್ರ, ಒಣಮರವನ್ನು ಗರಗಸದಿಂದ ಕೊಯ್ದಂಥ ದನಿ. ಹುಲಿಯಂತೆ ದಟ್ಟಾರಣ್ಯವನ್ನೂ ದೊಡ್ಡ ಬೇಟೆಯನ್ನೂ ಬಯಸದೆ, ಮೊಲ, ನವಿಲು, ಆಡು, ಬೀದಿನಾಯಿಗಳಿಂದಲೇ ತೃಪ್ತಿಪಡುವ ಈ ಪ್ರಾಣಿಗೆ, ಲಂಟಾನ ಬೆಳೆದ ಬೇಲಿಯೂ ಪಾಳುಬಿದ್ದ ತೋಟವೂ ಸಾಕಾದ ಆಶ್ರಯ.

ಇಂಥ ನಿಶಾಚರಿಯ ಹೊತ್ತಿಗೇ ನಾವು ರೈತನನ್ನು ತೋಟಕ್ಕೆ ಅಟ್ಟುತ್ತಿದ್ದೇವೆ. ತ್ರೀಫೇಸ್ ಕರೆಂಟು ನಡುರಾತ್ರಿ ಬಂದಿತೆಂದರೆ, ಟಾರ್ಚು ಹಿಡಿದು ಹೋಗಿ ಮೋಟಾರು ಹಾಕಿ, ಪಾತಿಯಿಂದ ಪಾತಿಗೆ ಬಗ್ಗಿ ನೀರು ತಿರುಗಿಸಬೇಕು. ನೆಟ್ಟಗೆ ನಿಂತ ಮನುಷ್ಯನಿಗೆ ಅಂಜುವ ಮೃಗಕ್ಕೆ, ಕತ್ತಲಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತವನು ಯಾವ ಪ್ರಾಣಿಯಾಗಿ ತೋರುವನೋ!

ದನ ಸತ್ತೊಡನೆ ಬೋನು ಇಡಿರೆಂಬ ಕೂಗೇಳುವುದು ಸಹಜ. ಕರುವನ್ನು ಕಳೆದುಕೊಂಡವರೊಡನೆ ತರ್ಕ ಮಾಡಲು ನನಗೂ ಬಾಯಿ ಬಾರದು. ಆದರೆ ಹಿಡಿದು ಬೇರೆಡೆ ಬಿಟ್ಟ ಚಿರತೆ ಹಿಂದಿರುಗಲೂಬಹುದು, ತೆರವಾದ ನೆಲೆಗೆ ಮತ್ತೊಂದು ಬರಲೂಬಹುದು. ಮಹಾರಾಷ್ಟ್ರದ ಜುನ್ನರಿನ ಸೀಮೆಯಲ್ಲಿ ಹೀಗೆ ಹಿಡಿದು ಸಾಗಿಸತೊಡಗಿದ ಮೇಲೆ, ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ದಾಳಿಗಳು 17ಕ್ಕೇರಿದುವೆಂದು ವಿದ್ಯಾ ಆತ್ರೇಯ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದರು.

ಕೊಟ್ಟಿಗೆಗೆ ಗಟ್ಟಿಯಾದ ಬಾಗಿಲು ಬೇಕು, ಸತ್ತ ಕೋಳಿಗಳನ್ನು ಊರಂಚಿನಲ್ಲಿ ಎಸೆಯುವುದು ನಿಲ್ಲಬೇಕು. ಇವು ನಮ್ಮಿಂದಲೇ ಆಗತಕ್ಕವು. ಹಗಲಿನ ಕರೆಂಟು ಮಾತ್ರ ನಮ್ಮ ಕೈಯಲ್ಲಿಲ್ಲ. ಬೋನು ಕೇಳಲು ಟ್ರ್ಯಾಕ್ಟರು ತುಂಬಿ ಹೊರಡುವ ಊರವರು, ಮುಂದಿನ ಸಲ ಅರಣ್ಯ ಕಚೇರಿಗೆ ತಿರುಗುವ ಮುನ್ನ, ಟ್ರ್ಯಾಕ್ಟರನ್ನು ವಿದ್ಯುತ್ ಕಚೇರಿಯ ಮುಂದೆ ನಿಲ್ಲಿಸಲಿ.