ಪೆಟ್ಟಿಗೆಯ ಚಿನ್ನ, ಕಾಯಿದೆಯ ಪ್ರಶ್ನೆ

ರಾಯಚೂರು ಜಿಲ್ಲೆಗೂ ಚಿನ್ನಕ್ಕೂ ಇರುವ ನಂಟು ಹಳೆಯದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ನೆಲದಿಂದ ಹೊರಬರುವ ಚಿನ್ನಕ್ಕೆ ತೂಕವುಂಟು, ಲೆಕ್ಕವುಂಟು. ಅದೇ ಲೋಹವು ಒಡವೆಯಾಗಿ ದೇವದುರ್ಗದಲ್ಲೋ ಮಾನ್ವಿಯಲ್ಲೋ ಒಂದು ಮನೆಯ ಪೆಟ್ಟಿಗೆಯನ್ನು ಸೇರಿ, ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ದಾಟುವ ಹೊತ್ತಿಗೆ ಲೆಕ್ಕವು ಬರಿಯ ನೆನಪಾಗಿ ಉಳಿದಿರುತ್ತದೆ. ಶೋಧಕ್ಕೆಂದು ಬಂದ ಆದಾಯ ತೆರಿಗೆಯ ಅಧಿಕಾರಿ ಕೇಳುವ ಪ್ರಶ್ನೆ ಒಂದೇ: ‘ಇದು ಎಲ್ಲಿಂದ ಬಂತು?’ ಪ್ರಶ್ನೆ ನ್ಯಾಯವಾದುದು. ಉತ್ತರ ದೊರೆಯದಾಗ ವಿಧಿಸುವ ದಂಡವೂ ಅಷ್ಟೇ ನ್ಯಾಯವಾದುದೆ ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

1961ರ ಕಾಯಿದೆಯ 132ನೆಯ ಕಲಮು ಅಧಿಕಾರಿಗಳಿಗೆ ಶೋಧದ ಹಾಗೂ ಜಪ್ತಿಯ ಅಧಿಕಾರವನ್ನು ಕೊಟ್ಟಿತು. 1964ರಲ್ಲಿ ಸೇರಿದ 69ಎ ಕಲಮು, ಲೆಕ್ಕದಲ್ಲಿ ಕಾಣದ ಹಣ, ಚಿನ್ನ, ಒಡವೆ ಮುಂತಾದ ಬೆಲೆಬಾಳುವ ವಸ್ತುಗಳ ಮೂಲವನ್ನು ಒಡೆಯನು ತೃಪ್ತಿಕರವಾಗಿ ವಿವರಿಸದಿದ್ದರೆ, ಅದನ್ನು ಅವನ ಆದಾಯವೆಂದೇ ಭಾವಿಸಬಹುದೆಂದಿತು. ಯಾರ ವಶದಲ್ಲಿ ವಸ್ತು ಸಿಕ್ಕಿತೋ ಅವನೇ ಒಡೆಯನೆಂಬ ಊಹೆಯನ್ನು 1988ರಲ್ಲಿ ಸರ್ವೋಚ್ಚ ನ್ಯಾಯಾಲಯವು ಚುಹರ್‌ಮಲ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಅಲ್ಲಿ ಸಿಕ್ಕಿದ್ದು ವಿದೇಶೀ ಕೈಗಡಿಯಾರಗಳು. ಹೀಗೆ ವಿವರಣೆಯ ಹೊರೆಯು ಮನೆಯವನ ಹೆಗಲಿಗೆ ಬಿತ್ತು.

ಈ ಹೊರೆ 2016ರ ನೋಟು ರದ್ದತಿಯ ಬಳಿಕ ಬಹಳ ಭಾರವಾಯಿತು. ಆ ವರ್ಷದ ಡಿಸೆಂಬರಿನ ತಿದ್ದುಪಡಿಯು ಇಂಥ ಆದಾಯದ ಮೇಲೆ ಶೇಕಡಾ 60ರಷ್ಟು ತೆರಿಗೆ, ಆ ತೆರಿಗೆಯ ಮೇಲೆ ಶೇಕಡಾ 25ರ ಅಧಿಭಾರವನ್ನು ವಿಧಿಸಿತು. 2018ರ ಬಳಿಕದ ಶೇಕಡಾ 4ರ ಉಪಕರವೂ ಸೇರಿದರೆ ಒಟ್ಟು 78. ಶೋಧದಲ್ಲಿ ಸಿಕ್ಕಿದ್ದಾದರೆ ಇದರ ಮೇಲೆ ದಂಡ: ಒಪ್ಪಿಕೊಂಡವನಿಗೆ ಶೇಕಡಾ 30, ಉಳಿದವರಿಗೆ 60. ನೂರು ರೂಪಾಯಿ ಸಿಕ್ಕಿದವನು ನೂರಮೂವತ್ತೆಂಟು ರೂಪಾಯಿ ತೆರಬೇಕಾಗಿ ಬಂದಿತು! 2024ರ ಸೆಪ್ಟೆಂಬರ್ 1ರಿಂದ ನಡೆದ ಶೋಧಗಳಿಗೆ ಬೇರೆ ಕ್ರಮವನ್ನು ತರಲಾಯಿತು. ಅಲ್ಲಿ ಶೇಕಡಾ 60ರ ತೆರಿಗೆ, ತೆರಿಗೆಯ ಅರ್ಧದಷ್ಟು ದಂಡ.

ವಾಚಕರು ಗಮನಿಸಬೇಕಾದ ಸೂಕ್ಷ್ಮವೊಂದು ಇಲ್ಲಿದೆ. 2016ರ ಕ್ರಮದಲ್ಲಿ ಕಡಿಮೆ ದಂಡದ ರಿಯಾಯಿತಿ ದೊರೆಯಬೇಕಾದರೆ, ಒಪ್ಪಿಕೊಂಡರಷ್ಟೇ ಸಾಲದು. ಆ ಆದಾಯ ಬಂದ ಬಗೆಯನ್ನು ಹೇಳಿ, ಅದನ್ನು ಸಮರ್ಥಿಸಲೂ ಬೇಕು. ಲಂಚವನ್ನು ಕೂಡಿಟ್ಟವನಿಗೆ ಬಂದ ಬಗೆ ಗೊತ್ತು. ಅಜ್ಜಿಯ ಸರವನ್ನು ಕರಗಿಸಿ ಬಳೆ ಮಾಡಿಸಿಕೊಂಡವಳಿಗೆ ನಿಜವೂ ಗೊತ್ತು, ಆದರೆ ರಸೀತಿ ಇಲ್ಲ. ಬಲ್ಲವನಿಗೆ ರಿಯಾಯಿತಿ, ಕಾಗದವಿಲ್ಲದವಳಿಗೆ ಸಂಶಯ ಎಂಬಂತಾದರೆ ಕಾಯಿದೆಯ ಉದ್ದೇಶವೇ ತಲೆಕೆಳಗಾಗುವುದಿಲ್ಲವೆ?

ನಮ್ಮ ಭಾಗದಲ್ಲಿ ಈ ಸಂದೇಹಕ್ಕೆ ಹೆಚ್ಚಿನ ಆಧಾರವಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಮಾನ್ವಿಯ ಭತ್ತ, ನಾರಾಯಣಪುರ ಬಲದಂಡೆ ಕಾಲುವೆಯಿಂದ ದೇವದುರ್ಗದ ಬೆಳೆ. ಎರಡರ ಜೊತೆಗೂ ಹತ್ತಿ. ಬೇಸಾಯದ ಆದಾಯಕ್ಕೆ ಕೇಂದ್ರದ ತೆರಿಗೆಯಿಲ್ಲ. ಆದ್ದರಿಂದ ಲೆಕ್ಕ ಬರೆದಿಡುವ ರೂಢಿಯೂ ಇಲ್ಲ. ಅಡತಿ ಅಂಗಡಿಯಲ್ಲಿ ಎಣಿಸಿಕೊಂಡ ಹಣ ಮದುವೆಯ ಚಿನ್ನವಾಗುತ್ತದೆ. ಅಪ್ರಾಮಾಣಿಕರು ತಮ್ಮ ಗುಪ್ತಧನಕ್ಕೆ ‘ಹೊಲದ ಫಸಲು’ ಎಂಬ ಮುಸುಕು ಹಾಕುವುದೂ ಸುಳ್ಳಲ್ಲ. ಆ ಮುಸುಕಿನಿಂದಾಗಿ ನಿಜವಾದ ರೈತನ ಮಾತೂ ನಂಬಿಕೆಗೆ ಎರವಾಗುತ್ತದೆ.

ಈ ಕಷ್ಟವನ್ನು ಅರಿತವರು ಇಲ್ಲದಿಲ್ಲ. ವಿವಾಹಿತೆಯ 500 ಗ್ರಾಂ, ಅವಿವಾಹಿತೆಯ 250 ಗ್ರಾಂ, ಪುರುಷನ 100 ಗ್ರಾಂವರೆಗಿನ ಒಡವೆಯನ್ನು ಜಪ್ತಿ ಮಾಡಬೇಕಾಗಿಲ್ಲವೆಂದು ಕೇಂದ್ರ ನೇರ ತೆರಿಗೆ ಮಂಡಳಿಯು 1994ರ ಮೇ 11ರಂದು ಸೂಚಿಸಿತು. ಮನೆತನದ ಸ್ಥಿತಿಗತಿ, ಸಮುದಾಯದ ಆಚಾರಗಳನ್ನು ನೋಡಿ ಅದಕ್ಕಿಂತ ಹೆಚ್ಚನ್ನೂ ಬಿಡಲು ಅವಕಾಶವಿತ್ತಿತು. 1997ರಲ್ಲಿ ನೂರ್‌ಜಹಾನ್ ಪ್ರಕರಣದಲ್ಲಿ, ಭೂಮಿ ಕೊಂಡ ಹಣದ ಮೂಲವನ್ನು ಕುರಿತ ವಿವರಣೆ ಒಪ್ಪಿಗೆಯಾಗದಿದ್ದರೂ, 20 ವರ್ಷದ ತರುಣಿಗೆ ಅಷ್ಟು ಆದಾಯವಿರಲು ಸಾಧ್ಯವೆ ಎಂಬುದನ್ನು ನೋಡಬೇಕೆಂಬ ನಿಲುವನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಿತು: ‘ಭಾವಿಸಬಹುದು’ ಎಂದರೆ ‘ಭಾವಿಸಲೇಬೇಕು’ ಎಂದರ್ಥವಲ್ಲ. ನಮ್ಮ ಉಚ್ಚ ನ್ಯಾಯಾಲಯವೂ 2012ರ ಡಿಸೆಂಬರಿನಲ್ಲಿ ಮಂಜುನಾಥ ಕಾಟನ್ ಅಂಡ್ ಜಿನ್ನಿಂಗ್ ಫ್ಯಾಕ್ಟರಿಯ ಪ್ರಕರಣದಲ್ಲಿ, ಆದಾಯ ಮುಚ್ಚಿಟ್ಟದ್ದಕ್ಕಾಗಿ ವಿಧಿಸುವ ದಂಡವನ್ನು ಕುರಿತು ಸ್ಪಷ್ಟ ಮಾತಾಡಿತು. ತೆರಿಗೆಯ ನಿರ್ಧಾರ ಬೇರೆ, ದಂಡದ ವಿಚಾರಣೆ ಬೇರೆ. ಆರೋಪ ಯಾವುದೆಂದು ಹೇಳದೆ ಅಚ್ಚಾದ ನಮೂನೆಯೊಂದನ್ನು ಕಳುಹಿಸಿದರೆ ಸಾಲದು.

ಕಪ್ಪು ಹಣದ ಮೇಲೆ ಕರುಣೆ ತೋರಬೇಕೆಂದು ನಾನು ವಾದಿಸುತ್ತಿಲ್ಲ. ಶಾಲೆಗೆ, ಕಾಲುವೆಗೆ ಸಲ್ಲಬೇಕಾದ ಹಣವೇ ಆ ತಿಜೋರಿಗಳಲ್ಲಿ ಅಡಗಿರುವುದು. ಆದರೆ ತೆರಿಗೆಯು ಋಣ, ದಂಡವು ಕಳಂಕ. ವಿವರಿಸಲಾರದವನು ಋಣವನ್ನು ತೆರಲಿ. ವಂಚಿಸಿದವನಿಗೆ ಮಾತ್ರ ಕಳಂಕ ತಗಲಲಿ. 1961ರ ಕಾಯಿದೆಯ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ ಬರುವಂತೆ ಸಂಸತ್ತು 2025ರಲ್ಲಿ ಹೊಸ ಕಾಯಿದೆಯನ್ನು ಅಂಗೀಕರಿಸಿತು. ಕಲಮುಗಳ ಸಂಖ್ಯೆ ಬದಲಾದ ಮಾತ್ರಕ್ಕೆ ಈ ವಿವೇಕದ ಅಗತ್ಯ ಬದಲಾಗದು. ಜನರೂ ಮಾರಾಟದ ಪಟ್ಟಿ, ಪಹಣಿ, ಅಕ್ಕಸಾಲಿಗನ ಚೀಟಿಗಳನ್ನು ಜೋಪಾನವಾಗಿಡಲು ಕಲಿಯಬೇಕು. ಉಪಾಧ್ಯಾಯರು ಇದನ್ನು ಊರೂರಿನಲ್ಲಿ ತಿಳಿಸಬಲ್ಲರು. ಅಧಿಕಾರಿಯ ಪ್ರಶ್ನೆಗೆ ಪ್ರಾಮಾಣಿಕನು ಅಂಜದೆ ಉತ್ತರಿಸುವಂತಾದ ದಿನವೇ ಆ ಪ್ರಶ್ನೆಗೆ ಪೂರ್ಣ ಗೌರವ ಬರುವುದು.