ಕೊನೆ ಸಾಲಿನ ಲೆಕ್ಕ ಮೊದಲೇ ಆಗಲಿ

ನಮ್ಮ ಮಾನ್ವಿ ಕಡೆ ಹಳೆಯ ಮನೆಯ ನೆಲ ಎಂದರೆ ಶಹಾಬಾದ್ ಪರಸಿ. ಆಮೇಲೆ ಟೈಲ್ಸ್ ಬಂತು. ಈಗ ಮರದಂತೆ ಕಾಣುವ ಲ್ಯಾಮಿನೇಟ್ ಹಲಗೆಯ ಸರದಿ. ನೆಲ ಯಾವುದೇ ಇರಲಿ, ಕೆಲಸಗಾರನ ಕೈಗುಣ ತಿಳಿಯಬೇಕೆಂದರೆ ಕೋಣೆಯ ನಡುವೆ ನೋಡಬೇಡಿ, ಗೋಡೆಗೆ ಸೇರುವ ಕೊನೆಯ ಸಾಲು ನೋಡಿ. ನಡುವಿನ ಸಾಲುಗಳನ್ನು ಒಂದು ವಾರ ಕಲಿತವನೂ ಕೂರಿಸಬಲ್ಲ. ಕೊನೆಯ ಸಾಲು ಲೆಕ್ಕ ಬಲ್ಲವನಿಗೆ ಮಾತ್ರ ಒಲಿಯುತ್ತದೆ.

ಒಂದು ಉದಾಹರಣೆ ನೋಡೋಣ. ಕೋಣೆಯ ಅಗಲ 297 ಸೆಂ.ಮೀ., ಹಲಗೆಯ ಅಗಲ 19.5 ಸೆಂ.ಮೀ. ಇದೆ ಎಂದುಕೊಳ್ಳಿ. ಲ್ಯಾಮಿನೇಟ್ ಎಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ. ಮಳೆಗಾಲದ ತೇವಕ್ಕೆ ಹಿಗ್ಗುತ್ತದೆ, ಒಣ ಹವೆಗೆ ಕುಗ್ಗುತ್ತದೆ. ಅದಕ್ಕಾಗಿ ಎರಡೂ ಗೋಡೆಗಳ ಬಳಿ ಸುಮಾರು 1 ಸೆಂ.ಮೀ. ಸಂದು ಬಿಡಬೇಕು. ಉಳಿಯುವುದು 295. ಅದರಲ್ಲಿ 15 ಪೂರ್ತಿ ಸಾಲುಗಳಿಗೆ 292.5 ಹೋದರೆ ಕೊನೆಗೆ ಸಿಗುವುದು ಬರೀ ಎರಡೂವರೆ ಸೆಂಟಿಮೀಟರ್ ಪಟ್ಟಿ! ಅಷ್ಟು ಸಣ್ಣ ಪಟ್ಟಿ ಕತ್ತರಿಸುವಾಗಲೇ ಸೀಳುತ್ತದೆ, ಕೂರಿಸಿದರೂ ಗಟ್ಟಿಯಾಗಿ ನಿಲ್ಲುವುದಿಲ್ಲ.

ಬಲ್ಲವನು ಮೊದಲ ಹಲಗೆ ಇಡುವ ಮುಂಚೆಯೇ ಈ ಲೆಕ್ಕ ಹಾಕುತ್ತಾನೆ. ಉಳಿಯುವ 2.5ಕ್ಕೆ ಒಂದು ಹಲಗೆಯ 19.5 ಕೂಡಿಸಿ ಎರಡು ಭಾಗ ಮಾಡುತ್ತಾನೆ. ಮೊದಲ ಸಾಲು 11, ಕೊನೆಯ ಸಾಲು 11, ನಡುವೆ 14 ಪೂರ್ತಿ ಸಾಲು. ಎಲ್ಲ ಸೇರಿ ಸರಿಯಾಗಿ 295. ಗೋಡೆ ನೆಟ್ಟಗಿರುತ್ತದೆಂದು ಅವನು ನಂಬುವುದಿಲ್ಲ. ಕೊನೆಯ ಸಾಲಿಗೆ ಬಂದಾಗ ನಾಲ್ಕಾರು ಕಡೆ ಅಳೆದು ಗುರುತು ಹಾಕಿ ಕತ್ತರಿಸುತ್ತಾನೆ. ಅಲ್ಲಿ ಸುತ್ತಿಗೆ ಬೀಸಲು ಜಾಗವಿರುವುದಿಲ್ಲ, ಬಾಗಿದ ಕಬ್ಬಿಣದ ಪಟ್ಟಿ ಸಿಕ್ಕಿಸಿ ಹಲಗೆಯನ್ನು ತನ್ನ ಕಡೆಗೆ ಎಳೆದು ಕೂರಿಸುತ್ತಾನೆ. ಸಂದು ಮುಚ್ಚುವ ಸ್ಕರ್ಟಿಂಗನ್ನು ಗೋಡೆಗೆ ಬಿಗಿಯುತ್ತಾನೆಯೇ ಹೊರತು ನೆಲಕ್ಕಲ್ಲ. ನೆಲಕ್ಕೆ ಬಿಗಿದರೆ ಹಲಗೆಗೆ ಅಲುಗಾಡಲು ಜಾಗವಿಲ್ಲದೆ ನಡುವೆ ಉಬ್ಬಿ ಏಳುತ್ತದೆ.

ಇಷ್ಟು ಬುದ್ಧಿ ಬೇಡುವ ಕೆಲಸಕ್ಕೆ ನಾವು ಕೊಡುವ ಬೆಲೆ ಏನು? ಕೂಲಿ ಚದರಡಿ ಲೆಕ್ಕದಲ್ಲಿ. ಕೋಣೆಯ ನಡುವಿನ ಒಂದು ಚದರಡಿಗೂ ಬಾಗಿಲ ಚೌಕಟ್ಟಿನ ಮೂಲೆಯಲ್ಲಿ ಮೂರು ಸಲ ಕತ್ತರಿಸಿ ಕೂರಿಸಿದ ಒಂದು ಚದರಡಿಗೂ ಒಂದೇ ದರ. "ಅಷ್ಟೇ ತುಂಡಿಗೆ ಅರ್ಧ ದಿನ ಬೇಕೇನಪಾ?" ಎಂದು ಮನೆಯವರು ಕೇಳಿದರೆ ಅವನು ಅವಸರ ಮಾಡದೆ ಇನ್ನೇನು ಮಾಡಿಯಾನು? ಅಂಚಿನ ಕೆಲಸಕ್ಕೆ ಬೇರೆ ದರ ಕೊಡಬೇಕು. ಟೈಲ್ಸ್ ಮತ್ತು ಕಲ್ಲು ಕೊಯ್ಯುವಾಗ ನೀರು ಬಿಡುವುದು, ಮೂಗಿಗೆ ಮಾಸ್ಕ್ ಹಾಕುವುದೂ ಆ ದರದ ಮಾತುಕತೆಯಲ್ಲಿ ಸೇರಬೇಕು. ಆ ದೂಳಿನ ಸಿಲಿಕಾ ಪುಪ್ಪುಸವನ್ನು ತಿನ್ನುತ್ತದೆ, ಹೋದ ಉಸಿರು ಮರಳಿ ಬರುವುದಿಲ್ಲ.

ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ಗುಳೆ ಹೋಗುವವರು ಬಹಳ. ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊರುವವರೇ ಹೆಚ್ಚು, ಅಳತೆ ಪಟ್ಟಿ ಹಿಡಿಯುವವರು ಕಡಿಮೆ. ಇತ್ತ ಪದವಿ ಮುಗಿಸಿದವರು 371(ಜೆ) ಮೀಸಲಾತಿಯ ಅಧಿಸೂಚನೆಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಕಾಯುವುದು ತಪ್ಪಲ್ಲ, ಅದು ನಮ್ಮ ಹಕ್ಕು. ಆದರೆ ಕೈಯಲ್ಲಿ ಒಂದು ಕಸುಬಿದ್ದರೆ ಕಾಯುವ ದಿನಗಳು ಸಾಲದ ದಿನಗಳಾಗುವುದಿಲ್ಲ. ಐಟಿಐ ಎಂದರೆ ನಮಗೆ ಎಲೆಕ್ಟ್ರಿಷಿಯನ್, ಫಿಟ್ಟರ್ ಅಷ್ಟೇ ನೆನಪಾಗುತ್ತವೆ. ಎರಡು ವರ್ಷಕ್ಕೊಮ್ಮೆ ನಡೆಯುವ ವರ್ಲ್ಡ್‌ಸ್ಕಿಲ್ಸ್ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಗೋಡೆ ಮತ್ತು ನೆಲಕ್ಕೆ ಟೈಲ್ಸ್ ಹಾಕುವುದೇ ಒಂದು ವಿಭಾಗ. ಜಗತ್ತು ವಿದ್ಯೆ ಎಂದು ಒಪ್ಪಿದ್ದನ್ನು ನಾವು 'ಗೌಂಡಿ ಕೆಲಸ' ಎಂದು ಮೂಗು ಮುರಿಯುವುದು ಯಾಕೆ?

ಕೊನೆಯ ಸಾಲಿನ ಪಾಡು ಮಾನ್ವಿಯವರಿಗೆ ಹೊಸದಲ್ಲ. ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗದವರು ನಾವು. ಮೇಲ್ಭಾಗದಲ್ಲಿ ಅಕ್ರಮವಾಗಿ ನೀರೆತ್ತಿ, ನಿಗದಿಯಾದ ಬೆಳೆ ಬಿಟ್ಟು ಭತ್ತ ಹಾಕಿದರೆ ಇಲ್ಲಿನ ಗದ್ದೆಗೆ ಉಳಿಯುವುದು ಆ ಎರಡೂವರೆ ಸೆಂಟಿಮೀಟರ್ ಪಟ್ಟಿಯಂಥ ಪಾಲು. ಅದು ಕೊನೆಯವರ ಹಣೆಬರಹವಲ್ಲ, ಮೊದಲೇ ಮಾಡಬೇಕಿದ್ದ ಲೆಕ್ಕ ಮಾಡದ ಫಲ. ನೆಲ ಹಾಕುವ ಮೇಸ್ತ್ರಿ ಮೊದಲ ಸಾಲನ್ನೂ ಒಂದಿಷ್ಟು ಕತ್ತರಿಸಿ ಕೊನೆಯದಕ್ಕೆ ಸಮಪಾಲು ಕೊಡುತ್ತಾನೆ. ನಾಲೆಗೆ ನೀರು ಬಿಡುವವರೂ ನೌಕರಿಯ ಯೋಜನೆ ಮಾಡುವವರೂ ಅವನಿಂದ ಕಲಿಯಬೇಕಾದದ್ದು ಇಷ್ಟೇ.

ಮುಂದಿನ ರಜೆಯಲ್ಲಿ ಊರಿನ ಒಳ್ಳೆಯ ಮೇಸ್ತ್ರಿಯ ಹಿಂದೆ ಒಂದು ತಿಂಗಳು ಹೋಗಿ ನೋಡಿ. ನೌಕರಿ ಸಿಕ್ಕಿದರೂ ಆ ಲೆಕ್ಕ ವ್ಯರ್ಥವಾಗುವುದಿಲ್ಲ, ಸಿಗುವುದು ತಡವಾದರೆ ಅದೇ ಅನ್ನ ಕೊಡುತ್ತದೆ.